ಶಾಪದ ಕವಚ ಕಟ್ಟುವಾಗಲೇ ಅದರ ಮಾನ್‌ಸ್ಟರನ್ನೂ ಕಟ್ಟಿ

ಪ್ರಶ್ನೆ: ನಾವು ಗೆಳೆಯರು ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸುತ್ತಾ ಕತೆ ಕಟ್ಟುವ ಆಟ. 2014ರ ಐದನೇ ಆವೃತ್ತಿಯ ನಿಯಮ, ಡಿಎಂ, ಅಂದರೆ ಕತೆಯನ್ನೂ ಮಾನ್‌ಸ್ಟರ್‌ಗಳನ್ನೂ ನಡೆಸುವ ಡಂಜನ್ ಮಾಸ್ಟರ್, ನಾನೇ. ನಾಲ್ಕನೇ ಲೆವೆಲ್‌ನಲ್ಲಿ ನಮ್ಮ ಯೋಧ ಪಾತ್ರವಾದ ಫೈಟರ್‌ಗೆ ಪುಸ್ತಕದಲ್ಲಿರುವ ಆರ್ಮರ್ ಆಫ್ ವಲ್ನರಬಿಲಿಟಿ ಸಿಗುವ ಹಾಗೆ ಮಾಡಿದೆ. ಅದು ಶಾಪದ ಕವಚ ಅಂತ ಹೇಳದೆ ಮುಚ್ಚಿಟ್ಟೆ. ಓಗರ್ ಅನ್ನುವ ದೈತ್ಯ ಹೊಡೆದು ಅವನು ನೆಲಕ್ಕೆ ಬಿದ್ದಾಗ ವಿಷಯ ಬಯಲಾಯಿತು. 'ಇದು ಮೋಸ' ಅಂತ ಗೆಳೆಯ ಮುನಿಸಿಕೊಂಡ. ಮುಂದಿನ ವಾರ ಕ್ಲೆರಿಕ್ (ಪೂಜಾರಿ ಪಾತ್ರ) ಐದನೇ ಲೆವೆಲ್‌ಗೆ ಬಂದ, ಒಂದು ಸ್ಪೆಲ್ (ಮಂತ್ರ) ಹಾಕಿದ, ಶಾಪ ಮುಗಿದೇ ಹೋಯಿತು. ಶಾಪದ ಕವಚವನ್ನೂ ಅದಕ್ಕೆ ಹೊಂದುವ ಮಾನ್‌ಸ್ಟರ್‌ಗಳನ್ನೂ ಮಜಾ ಬರುವ ಹಾಗೆ ಕಟ್ಟುವುದು ಹೇಗೆ? ಕರ್ಣನ ಕವಚದಂಥದ್ದನ್ನು ಆಟಕ್ಕೆ ತರಬಹುದಾ? ನಾವು ಕಟ್ಟಿದ್ದನ್ನು ಕನ್ನಡದಲ್ಲಿ ಹಂಚಿಕೊಳ್ಳಲು ಅಡ್ಡಿ ಇದೆಯಾ?

ಉತ್ತರ: ಮೊದಲು ಗೆಳೆಯನ ಮುನಿಸಿನ ವಿಷಯ. ಅವನ ಮಾತಿನಲ್ಲಿ ನ್ಯಾಯ ಇದೆ. ಶಾಪದ ವಸ್ತುಗಳ ಬಗ್ಗೆ ಡಂಜನ್ ಮಾಸ್ಟರ್ಸ್ ಗೈಡ್ ಹೇಳುವ ಸಾಮಾನ್ಯ ನಿಯಮ ನಿಮ್ಮ ಕಡೆಗೇ ಇದೆ: ವಸ್ತುವಿನ ಗುಣ ತಿಳಿಸುವ ಐಡೆಂಟಿಫೈ ಸ್ಪೆಲ್ ಹಾಕಿದರೂ ಹೆಚ್ಚಿನ ಶಾಪಗಳು ಗೊತ್ತಾಗುವುದಿಲ್ಲ. ಆದರೆ ಈ ಕವಚಕ್ಕೆ ತನ್ನದೇ ಒಂದು ಸಾಲು ಇದೆ. ಐಡೆಂಟಿಫೈ ಹಾಕಿದಾಗ, ಇಲ್ಲವೇ ಆಟಗಾರ ಅದಕ್ಕೆ ಅಟ್ಯೂನ್ ಆದಾಗ, ಅಂದರೆ ಅದರ ಜೊತೆ ಮ್ಯಾಜಿಕ್ಕಿನ ನಂಟು ಬೆಳೆಸಿಕೊಂಡಾಗ, ಶಾಪ ತಿಳಿಯುತ್ತದೆ. ಸಾಮಾನ್ಯ ನಿಯಮಕ್ಕೂ ವಿಶೇಷ ನಿಯಮಕ್ಕೂ ಜಗಳ ಬಂದರೆ ವಿಶೇಷದ್ದೇ ಗೆಲ್ಲುತ್ತದೆ, ಅಲ್ವಾ? ಅಂದರೆ ಒಂದು ಗಂಟೆಯ ಶಾರ್ಟ್ ರೆಸ್ಟ್ ಮುಗಿಸಿ ಅಟ್ಯೂನ್ ಆದ ಆ ಕ್ಷಣವೇ ನೀವು ಅವನಿಗೆ ಹೇಳಬೇಕಿತ್ತು. ಹೇಳಿದ್ದರೆ ಆಟ ಕೆಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿಂದಲೇ ಶುರುವಾಗುತ್ತಿತ್ತು.

ಯಾಕೆಂದರೆ ಆ ಕವಚದ ಶಾಪ ಬಹಳ ಕುತಂತ್ರಿ. ಕೊಯ್ಯುವುದು, ಚುಚ್ಚುವುದು, ಜಜ್ಜುವುದು, ಹೀಗೆ ಆಯುಧದ ಪೆಟ್ಟಿನಲ್ಲಿ ಮೂರು ಬಗೆ. ಕವಚ ಒಂದರಿಂದ ರಕ್ಷಣೆ ಕೊಡುತ್ತದೆ, ಆ ಪೆಟ್ಟು ಅರ್ಧವಾಗುತ್ತದೆ. ಉಳಿದ ಎರಡೂ ದುಪ್ಪಟ್ಟಾಗುತ್ತವೆ. ಕವಚ ಬಿಚ್ಚಿಟ್ಟರೆ ರಕ್ಷಣೆ ಹೋಗುತ್ತದೆ, ಶಾಪ ಮಾತ್ರ ಮೈಮೇಲೆ ಹಾಗೇ ಉಳಿಯುತ್ತದೆ. ಬಿಚ್ಚಿದವನ ಗತಿ ತೊಟ್ಟವನಿಗಿಂತ ಕಡೆ. ಇಷ್ಟು ಗೊತ್ತಿದ್ದ ಆಟಗಾರ ಮುಂದೆ ಇಡುವ ಪ್ರತಿ ಹೆಜ್ಜೆಗೂ ಯೋಚಿಸುತ್ತಾನೆ. ಗೊತ್ತಿಲ್ಲದವನು ಒಂದೇ ಸಲ ಬೀಳುತ್ತಾನೆ, ಆಮೇಲೆ ಡಿಎಂ ಮುಖ ನೋಡುತ್ತಾನೆ.

ಮುಚ್ಚಿಡುವ ಈ ಚಾಳಿ ಹಳೆಯ ಕಾಲದಿಂದ ಬಂದದ್ದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟ ಹೊರತಂದಾಗ, ಡಂಜನ್ ಅಂದರೆ ಎಚ್ಚರಿಕೆಯ ಪರೀಕ್ಷೆ. ಸಿಕ್ಕಿದ್ದನ್ನೆಲ್ಲ ಸುಮ್ನೆ ಮೈಮೇಲೆ ಹಾಕಿಕೊಂಡವನು ಪಾಠ ಕಲಿಯಬೇಕಿತ್ತು. ಕ್ಯಾರೆಕ್ಟರ್ ಸತ್ತರೆ ಅಲ್ಲೇ ಕೂತು ಇನ್ನೊಂದನ್ನು ಬರೆದುಕೊಳ್ಳುತ್ತಿದ್ದರು, ಯಾರೂ ಅಳುತ್ತಿರಲಿಲ್ಲ. ಇವತ್ತು ನಮ್ಮ ಆಟಗಾರರು ಕ್ಯಾರೆಕ್ಟರ್‌ಗೆ ಅಪ್ಪ ಅಮ್ಮ, ಊರು, ಹಳೆ ವೈರಿ ಎಲ್ಲ ಬರೆದುಕೊಂಡು ಬರುತ್ತಾರೆ. ಹಳೆಯ ಬಲೆ ಇಲ್ಲಿ ಹೊಂದುವುದಿಲ್ಲ.

ಹಳೆಯವರು ಸುಳಿವನ್ನೇ ಕೊಡುತ್ತಿರಲಿಲ್ಲ ಅಂತಲ್ಲ. 1987ರಲ್ಲಿ ಬಂದ ನೆಟ್‌ಹ್ಯಾಕ್ ಅನ್ನುವ ಕಂಪ್ಯೂಟರ್ ಆಟದಲ್ಲೂ ಶಾಪದ ಕವಚ ಮೈಗೆ ಅಂಟಿಕೊಳ್ಳುತ್ತದೆ. ಆದರೆ ಅಲ್ಲಿ ನಿಮ್ಮ ಜೊತೆಗಿರುವ ನಾಯಿಮರಿ ಶಾಪ ಇರುವ ವಸ್ತುವಿನ ಮೇಲೆ ಕಾಲಿಡಲು ಹಿಂಜರಿಯುತ್ತದೆ. ಬಲಿಪೀಠದ ಮೇಲೆ ಆ ವಸ್ತುವನ್ನು ಹಾಕಿದರೆ ಕಪ್ಪು ಮಿಂಚು ಹೊಳೆಯುತ್ತದೆ. ಗಮನಿಸುವವನಿಗೆ ದಾರಿ ಇದೆ. ನಿಮ್ಮ ಪಾರ್ಟಿಯಲ್ಲಿ, ಅಂದರೆ ಆಟಗಾರರ ತಂಡದಲ್ಲಿ, ಕುದುರೆಯೋ ನಾಯಿಯೋ ಇದ್ದರೆ ಈ ಉಪಾಯ ಇವತ್ತೇ ಕದಿಯಿರಿ. ಕವಚ ಹೇರಿದ ತಕ್ಷಣ ಹೇಸರಗತ್ತೆ ಮುಂದೆ ಹೋಗಲು ಒಪ್ಪಲಿಲ್ಲ ಅಂದರೆ ಸಾಕು. ತೊಡುವವನು ಆಮೇಲೂ ತೊಟ್ಟರೆ ಅದು ಅವನ ಹಟ, ನಿಮ್ಮ ಮೋಸ ಅಲ್ಲ.

ಇನ್ನು ಕ್ಲೆರಿಕ್. ಅವನ ಮೇಲೆ ಬೇಜಾರು ಬೇಡ. ರಿಮೂವ್ ಕರ್ಸ್ ಮೂರನೇ ಮಟ್ಟದ ಸ್ಪೆಲ್, ಐದನೇ ಲೆವೆಲ್‌ಗೆ ಬಂದ ಕ್ಲೆರಿಕ್‌ಗೆ ಅದು ಸಿಗುವುದೇ. ಮುಟ್ಟಿದರೆ ಸಾಕು, ಡೈಸ್ ಉರುಳಿಸುವುದೂ ಬೇಡ. ಕೆಲವು ಡಿಎಂಗಳು ಈ ಸ್ಪೆಲ್ಲನ್ನೇ ನಿಷೇಧ ಮಾಡುತ್ತಾರೆ, ಅಥವಾ 'ಇದು ಬೇರೆ ತರದ ಶಾಪ, ತಾಗಲ್ಲ' ಅಂತ ಜಾರಿಕೊಳ್ಳುತ್ತಾರೆ. ನನಗದು ಸ್ವಲ್ಪವೂ ಹಿಡಿಸುವುದಿಲ್ಲ. ಕ್ಲೆರಿಕ್ ಆಡುವವನಿಗೆ ಹೀರೋ ಆಗಲು ಸಿಗುವ ಅವಕಾಶಗಳೇ ಕಡಿಮೆ. ಅದರ ಬದಲು ಸ್ಪೆಲ್ ವಿವರಣೆಯ ಕೊನೆಯ ಭಾಗ ಓದಿ. ಶಾಪದ ವಸ್ತುವಿನ ಮೇಲೆ ಹಾಕಿದರೆ ವಸ್ತುವಿನ ಶಾಪ ಹೋಗುವುದಿಲ್ಲ. ಅದಕ್ಕೂ ಧರಿಸಿದವನಿಗೂ ಇರುವ ನಂಟು ಮಾತ್ರ ಕಡಿಯುತ್ತದೆ. ಕವಚ ಈಗಲೂ ಶಾಪದ ಕವಚವೇ. ಅದನ್ನು ನಿಮ್ಮ ಪಾರ್ಟಿ ಏನು ಮಾಡಿತು? ಊರಿನ ಅಂಗಡಿಗೆ ಮಾರಿದರಾ? ಕಾಡಲ್ಲಿ ಬಿಸಾಡಿ ಬಂದರಾ? ಇನ್ಯಾರೋ ಅದನ್ನು ತೊಟ್ಟಿದ್ದಾರೆ ಅನ್ನುವಲ್ಲಿಂದ ಮುಂದಿನ ಕತೆ ಹುಟ್ಟುತ್ತದೆ. ಈ ಸಲ ಅದರ ದೌರ್ಬಲ್ಯ ನಿಮ್ಮ ಆಟಗಾರರಿಗೆ ಗೊತ್ತು, ತೊಟ್ಟ ಡಕಾಯಿತನಿಗೆ ಗೊತ್ತಿಲ್ಲ. ಎಷ್ಟು ಖುಷಿಯಿಂದ ಹೊಡೆಯುತ್ತಾರೆ ನೋಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹೆಚ್ಚಿನ ಡಿಎಂಗಳು ಕವಚವನ್ನು ಒಂದು ದಿನ ಯೋಚಿಸುತ್ತಾರೆ, ಮಾನ್‌ಸ್ಟರನ್ನು ಇನ್ನೊಂದು ದಿನ. ಅಲ್ಲೇ ಎಡವುತ್ತಾರೆ. ಶಾಪ ಅನ್ನುವುದು ಕವಚದಲ್ಲಿ ಅರ್ಧ ಇರುತ್ತದೆ, ಎದುರಿಗೆ ಬರುವ ಪ್ರಾಣಿಯಲ್ಲಿ ಇನ್ನರ್ಧ ಇರುತ್ತದೆ.

ಪುಸ್ತಕದ ಡೀಮನ್ ಆರ್ಮರ್ ತೆಗೆದುಕೊಳ್ಳಿ. ಎಸಿಗೆ (ಪೆಟ್ಟು ತಾಗಬೇಕಾದರೆ ಶತ್ರು ಡೈಸ್‌ನಲ್ಲಿ ಮುಟ್ಟಬೇಕಾದ ಅಂಕಿ) +1 ಕೊಡುತ್ತದೆ. ಡೀಮನ್‌ಗಳ ಅಬಿಸಲ್ ಭಾಷೆ ಬರುತ್ತದೆ. ಕೈಗವಸಿಗೆ ಉಗುರಿದೆ, ಬರಿಗೈಯಲ್ಲಿ ಗುದ್ದಿದರೂ ಡಿ8 (ಎಂಟು ಮುಖದ ಡೈಸ್) ಪೆಟ್ಟು, ಅದೂ ಮ್ಯಾಜಿಕ್ ಆಯುಧದ ಲೆಕ್ಕ. ಶಾಪ ಏನು? ಒಮ್ಮೆ ತೊಟ್ಟರೆ ಬಿಚ್ಚಲು ಬರುವುದಿಲ್ಲ. ಡೀಮನ್‌ಗಳ ಮೇಲೆ ಹೊಡೆಯುವಾಗಲೂ, ಅವುಗಳ ಸ್ಪೆಲ್ ಮತ್ತು ಶಕ್ತಿಗಳ ವಿರುದ್ಧ ಸೇವ್ (ತಪ್ಪಿಸಿಕೊಳ್ಳಲು ಉರುಳಿಸುವ ಡೈಸ್) ಮಾಡುವಾಗಲೂ ಡಿಸ್‌ಅಡ್ವಾಂಟೇಜ್, ಅಂದರೆ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನೇ ಹಿಡಿಯಬೇಕು. ಈಗ ನಿಮ್ಮ ಕತೆಯಲ್ಲಿ ಡೀಮನ್ನೇ ಇಲ್ಲ ಅಂದುಕೊಳ್ಳಿ. ಆಗ ಇದರಲ್ಲಿ ಶಾಪ ಎಲ್ಲಿದೆ? ಪುಕ್ಕಟೆ ಉಡುಗೊರೆ. ಅದೇ, ಪ್ರತಿ ಎರಡು ಮೂರು ಸೆಷನ್‌ಗೆ ಒಂದು ಡೀಮನ್ ಇಣುಕಿದರೆ ಫೈಟರ್ ಹಲ್ಲು ಕಚ್ಚುತ್ತಾನೆ. ಪ್ರತಿ ಸೆಷನ್‌ನಲ್ಲೂ ಬಂದರೆ ಮಾತ್ರ ಅದು ಕಿರುಕುಳ. ಅಳತೆ ನಿಮ್ಮ ಕೈಯಲ್ಲಿದೆ.

ನಿಮ್ಮ ಕವಚಕ್ಕೂ ಇದೇ ಲೆಕ್ಕ. ಕೊಯ್ಯುವ ಪೆಟ್ಟಿನಿಂದ ಅದು ಕಾಪಾಡುತ್ತದೆ ಅಂದುಕೊಳ್ಳೋಣ. ಗಾಬ್ಲಿನ್ ಅನ್ನುವ ಕುಳ್ಳ ಮಾನ್‌ಸ್ಟರ್ ಕತ್ತಿ ಬೀಸಿದರೆ ಸರಾಸರಿ 5 ಪೆಟ್ಟು, ಅರ್ಧವಾಗಿ 2. ಫೈಟರ್ ನಗುತ್ತಾನೆ. ಅದೇ ಗಾಬ್ಲಿನ್ ಬಿಲ್ಲು ಹಿಡಿದರೆ ಅದೇ 5 ದುಪ್ಪಟ್ಟಾಗಿ 10. ಒಂದೇ ಪ್ರಾಣಿ, ಆಯುಧ ಬದಲಾದ ಕೂಡಲೇ ಭಯ ಹುಟ್ಟಿಸುತ್ತದೆ. ಓಗರ್ ಗದೆಯ ಸರಾಸರಿ ಪೆಟ್ಟು 13, ಶಾಪದಲ್ಲಿ 26. ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 14 ಇರುವ ಐದನೇ ಲೆವೆಲ್ ಫೈಟರ್‌ಗೂ ಸುಮಾರು 44 ಹಿಟ್ ಪಾಯಿಂಟ್ (ತಾಳಬಲ್ಲ ಒಟ್ಟು ಪೆಟ್ಟು) ಇರುತ್ತದೆ, ಎರಡು ಪೆಟ್ಟಿಗೆ ಮಲಗುತ್ತಾನೆ. ನಿಮ್ಮ ಫೈಟರ್ ಇನ್ನೂ ನಾಲ್ಕರಲ್ಲಿದ್ದ. ಹಾಗಾಗಿ ಓಗರ್ ಮೊದಲು ಬರಬಾರದು. ಮೊದಲು ಕತ್ತಿಯ ಗಾಬ್ಲಿನ್ ಬರಲಿ, ಕವಚದ ಸುಖ ಆಟಗಾರನಿಗೆ ಸಿಗಲಿ. ಆಮೇಲೆ ಅವುಗಳಲ್ಲಿ ಒಂದು ತಪ್ಪಿಸಿಕೊಂಡು ಓಡಲಿ. ಮುಂದಿನ ಗುಂಪು ಬಿಲ್ಲು ಹಿಡಿದೇ ಬರುತ್ತದೆ. ಸುದ್ದಿ ಹೇಗೆ ಮುಟ್ಟಿತು ಅಂತ ನೀವು ವಿವರಿಸಬೇಕಾಗಿಲ್ಲ, ಆಟಗಾರರೇ ಊಹಿಸಿ ಬೈದುಕೊಳ್ಳುತ್ತಾರೆ. ಓಗರ್ ಕೊನೆಗೆ, ಅದೂ ದೂರದಿಂದಲೇ ಕಾಣುವ ಹಾಗೆ.

ಇಲ್ಲಿ ಇನ್ನೊಂದು ಮಾನ್‌ಸ್ಟರ್ ನೆನಪಾಗುತ್ತದೆ, ರಸ್ಟ್ ಮಾನ್‌ಸ್ಟರ್. ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆ ನೋಡಿ ಗೈಗ್ಯಾಕ್ಸ್ ಇದನ್ನು ಹುಟ್ಟಿಸಿದರು. ಗೂಬೆ ಕರಡಿ ಬೆರೆತ ಔಲ್‌ಬೇರ್ ಕೂಡ ಅಂಥದೇ ಆಟಿಕೆಯ ಕೂಸು. ಪಾಪ, ನೋಡಲು ತಮಾಷೆಯ ಪ್ರಾಣಿ. ಚಾಲೆಂಜ್ ರೇಟಿಂಗ್ (ಮಾನ್‌ಸ್ಟರ್ ಎಷ್ಟು ಕಠಿಣ ಅನ್ನುವ ಅಂಕಿ) ಬರೀ ಅರ್ಧ, ನಿಮ್ಮ ಫೈಟರನ್ನು ಕೊಲ್ಲುವಷ್ಟು ಶಕ್ತಿ ಇಲ್ಲ. ಆದರೆ ಅದರ ಮೀಸೆ ತಾಗಿದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಒಂದೊಂದು ಸಲಕ್ಕೆ ಕವಚದ ಎಸಿ ಒಂದೊಂದು ಇಳಿಯುತ್ತದೆ, 10ಕ್ಕೆ ಬಂದರೆ ಕವಚವೇ ಪುಡಿ. 1,500 ಚಿನ್ನದ ನಾಣ್ಯ ಕೊಟ್ಟು ಕೊಂಡ ಪ್ಲೇಟ್ ಕವಚ ಹೀಗೆ ಹೋದಾಗ ಫೈಟರ್ ಮುಖ ನೋಡಬೇಕು. ಈಗ ನಿಯಮದ ಸಣ್ಣ ಅಕ್ಷರ: ತುಕ್ಕು ಹಿಡಿಯುವುದು ಮ್ಯಾಜಿಕ್ ಇಲ್ಲದ ಲೋಹಕ್ಕೆ ಮಾತ್ರ. ಶಾಪದ ಕವಚ ಮ್ಯಾಜಿಕ್ಕಿನದು, ಅದಕ್ಕೆ ಏನೂ ಆಗುವುದಿಲ್ಲ.

ಹಾಗಾದರೆ ಕ್ರಮ ಹೀಗಿರಲಿ. ಗುಹೆಯ ಬಾಗಿಲಲ್ಲಿ ರಸ್ಟ್ ಮಾನ್‌ಸ್ಟರ್‌ಗಳು. ಒಳಗೆ, ಸುತ್ತಲೂ ಕಬ್ಬಿಣದ ಪುಡಿ ಬಿದ್ದಿರುವ ಕೋಣೆಯಲ್ಲಿ, ಒಂದೇ ಒಂದು ಕವಚ ಥಳಥಳ ಹೊಳೆಯುತ್ತಾ ನಿಂತಿದೆ. ಎಲ್ಲವೂ ತುಕ್ಕಾದ ಜಾಗದಲ್ಲಿ ಇದೊಂದು ಹೇಗೆ ಉಳಿಯಿತು? ಏನೋ ಸರಿ ಇಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಫೈಟರ್ ಮೈಮೇಲೆ ಈಗ ಚೂರು ಕಬ್ಬಿಣವೂ ಉಳಿದಿಲ್ಲ, ಮುಂದಿನ ಬಾಗಿಲ ಆಚೆ ಏನೋ ಗುರುಗುಟ್ಟುತ್ತಿದೆ. ತೊಡಲು ಹತ್ತು ನಿಮಿಷ ಬೇಕು. ಇಂಥ ಜಾಗದಲ್ಲಿ ನಾನು ಸುಮ್ಮನೆ ಕೂತು ಚಹಾ ಕುಡಿಯುತ್ತೇನೆ. ಪಾರ್ಟಿಯೇ ವಾದ ಮಾಡಿಕೊಳ್ಳುತ್ತದೆ.

ಆ ಬಾಗಿಲ ಆಚೆ ಅನಿಮೇಟೆಡ್ ಆರ್ಮರ್ ಇಡಬಹುದು. ತಾನಾಗೇ ನಡೆಯುವ ಖಾಲಿ ಕವಚ, ಎಸಿ 18, ಹಿಟ್ ಪಾಯಿಂಟ್ 33, ಚಾಲೆಂಜ್ ರೇಟಿಂಗ್ 1. ಅಲುಗಾಡದೆ ನಿಂತರೆ ಮಾಮೂಲಿ ಕವಚಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅದರ ಗುದ್ದು ಜಜ್ಜುವ ಪೆಟ್ಟು, ಆದ್ದರಿಂದ ನಿಮ್ಮ ಶಾಪಕ್ಕೆ ಸರಿಯಾಗಿ ಕೂರುತ್ತದೆ. ಕಣ್ಣಿಲ್ಲ, 60 ಅಡಿಯವರೆಗೆ ಕಾಣದೆಯೇ ಗ್ರಹಿಸುತ್ತದೆ, ಹಾಗಾಗಿ ಅದೃಶ್ಯವಾಗಿ ನುಸುಳುವ ಆಟ ನಡೆಯುವುದಿಲ್ಲ. ಮ್ಯಾಜಿಕ್ ಅಳಿಸುವ ಡಿಸ್ಪೆಲ್ ಮ್ಯಾಜಿಕ್ ಸ್ಪೆಲ್ ಹಾಕಿ, ಅದು ಸೇವ್‌ನಲ್ಲಿ ಸೋತರೆ ಒಂದು ನಿಮಿಷ ಮಲಗುತ್ತದೆ. ಇದನ್ನು ಒಂದೇ ಸಲ ಬಳಸಿ. ಎರಡನೇ ಸಲ ಬಳಸಿದಿರೋ, ಆಮೇಲೆ ದಾರಿಯಲ್ಲಿ ಸಿಗುವ ಪ್ರತಿ ಗೊಂಬೆಗೂ ಕೊಡಲಿ ಏಟು ಬೀಳುತ್ತದೆ, ಸೆಷನ್ ಅಲ್ಲೇ ಮುಗಿಯುತ್ತದೆ.

ಪುಸ್ತಕದ್ದು ಸಾಕು, ನನ್ನದೇ ಒಂದನ್ನು ಕೊಡುತ್ತೇನೆ. ಐದನೇ ಲೆವೆಲ್‌ನ ನಾಲ್ವರ ಪಾರ್ಟಿಗೆ ಕಟ್ಟಿದ್ದು, ಬೇಕಾದ ಹಾಗೆ ತಿದ್ದಿಕೊಳ್ಳಿ. ಹೆಸರು ಸಾಲದ ಕವಚ. ಪ್ಲೇಟ್ ಕವಚ, ಅಟ್ಯೂನ್ ಆಗಬೇಕು. ತೊಟ್ಟವನಿಗೆ ಪೆಟ್ಟು ಬಿದ್ದಾಗ ರಿಯಾಕ್ಷನ್ (ತನ್ನ ಸರದಿ ಇಲ್ಲದಾಗಲೂ ತಟ್ಟನೆ ಮಾಡಬಹುದಾದ ಕೆಲಸ) ಬಳಸಿ 10 ಪೆಟ್ಟನ್ನು ಕವಚಕ್ಕೆ ನುಂಗಿಸಬಹುದು, ದಿನಕ್ಕೆ ಮೂರು ಸಲ. ಐದನೇ ಲೆವೆಲ್‌ನಲ್ಲಿ ಇದು ಭಾರೀ ವರ. ಪ್ರತಿ ಸಲ ನುಂಗಿದಾಗಲೂ ಎದೆಯ ಮೇಲೆ ಒಂದು ಗೆರೆ ಮೂಡುತ್ತದೆ. ಗೆರೆ ಎಲ್ಲರಿಗೂ ಕಾಣುತ್ತದೆ, ಮುಚ್ಚಿಡುವುದೇನೂ ಇಲ್ಲ. ಒಂದು ಗೆರೆ ಅಂದರೆ 10 ಸಾಲ. ಸಾಲ 30 ದಾಟಿದ ಮೇಲೆ ಪ್ರತಿ ಲಾಂಗ್ ರೆಸ್ಟ್‌ನಲ್ಲೂ (ರಾತ್ರಿಯ ನಿದ್ದೆ) ಡಿ6 ಹಾಕಿ, 1 ಅಥವಾ 2 ಬಿದ್ದರೆ ಆ ರಾತ್ರಿ ವಸೂಲಿಗಾರ ಬರುತ್ತಾನೆ. 60 ಮುಟ್ಟಿದ ರಾತ್ರಿ ಡೈಸ್ ಬೇಡ, ಬಂದೇ ಬರುತ್ತಾನೆ.

ವಸೂಲಿಗಾರನಿಗೆ ಸ್ವಂತ ರೂಪ ಇಲ್ಲ. ಕವಚ ನುಂಗಿದ ಪೆಟ್ಟುಗಳೆಲ್ಲ ಎದ್ದು ನಿಂತರೆ ಹೇಗೋ ಹಾಗೆ ಇರುತ್ತಾನೆ. ಒಂದು ತೋಳು ಓಗರ್‌ನ ಗದೆ, ಬೆನ್ನ ತುಂಬ ಗಾಬ್ಲಿನ್ ಬಾಣ. ಬೆಂಕಿಯನ್ನೂ ನುಂಗಿಸಿದ್ದರೆ ಕೈ ಉರಿಯುತ್ತಿರುತ್ತದೆ, ಆ ಕೈಯ ಪೆಟ್ಟೂ ಬೆಂಕಿಯದೇ. ಹಾಗಾಗಿ ಯಾವ ಕಾಳಗದಲ್ಲಿ ಏನನ್ನು ನುಂಗಿಸಿದರು ಅಂತ ನೀವು ಬರೆದಿಟ್ಟುಕೊಳ್ಳಲೇಬೇಕು. ಆಟಗಾರರು ತಮ್ಮ ಹಳೆಯ ಜಗಳಗಳನ್ನು ಒಂದೊಂದಾಗಿ ಗುರುತು ಹಿಡಿಯುವಾಗಿನ ಗಲಾಟೆಯೇ ಈ ಮಾನ್‌ಸ್ಟರ್‌ನ ಅರ್ಧ ಬೆಲೆ. ಲೆಕ್ಕ ಸರಳ: ಎಸಿ 18, ಹಿಟ್ ಪಾಯಿಂಟ್ ಸಾಲದ ಎರಡರಷ್ಟು, ಹೊಡೆಯಲು +6, ಒಂದು ಪೆಟ್ಟಿಗೆ 2ಡಿ8+4. ಸಾಲ 60ಕ್ಕಿಂತ ಕಡಿಮೆ ಇದ್ದರೆ ಪ್ರತಿ ಸುತ್ತಿನಲ್ಲಿ ಒಂದು ಪೆಟ್ಟು, 60 ಆದರೆ ಎರಡು. ವಿಷವೂ ಮನಸ್ಸಿನ ಮೇಲಿನ ದಾಳಿಯೂ ತಾಗುವುದಿಲ್ಲ.

ಶಾಪದ ಮುಳ್ಳು ಇಲ್ಲಿದೆ. ವಸೂಲಿಗಾರನ ಮುಂದೆ ಸಾಲದ ಕವಚ ಕೆಲಸ ಮಾಡುವುದಿಲ್ಲ. ತೊಟ್ಟವನ ಎಸಿ ವಸೂಲಿಗಾರನ ಲೆಕ್ಕಕ್ಕೆ 10. ಇಪ್ಪತ್ತು ಮುಖದ ಡೈಸ್‌ಗೆ +6 ಸೇರಿದರೆ ಇಪ್ಪತ್ತರಲ್ಲಿ ಹದಿನೇಳು ಸಲ ಪೆಟ್ಟು ಬೀಳುತ್ತದೆ. ಯಾವಾಗಲೂ ಮುಂದೆ ನಿಂತು ಎಲ್ಲರನ್ನೂ ಕಾಯುವ ಫೈಟರ್ ಅವತ್ತು ಹಿಂದೆ ಸರಿಯಬೇಕು, ವಿಝಾರ್ಡ್ (ಮಂತ್ರವಾದಿ) ಮತ್ತು ಕ್ಲೆರಿಕ್ ಅವನಿಗೆ ಗೋಡೆಯಾಗಬೇಕು. 120 ಹಿಟ್ ಪಾಯಿಂಟ್ ಜಾಸ್ತಿ ಅನಿಸಬಹುದು. ಒಂಟಿ ಮಾನ್‌ಸ್ಟರ್‌ಗೆ ನಾಲ್ವರೂ ಸೇರಿ ಹೊಡೆದರೆ ಮೂರ್ನಾಲ್ಕು ಸುತ್ತಿನಲ್ಲಿ ಮುಗಿಯುತ್ತದೆ. ವಸೂಲಿಗಾರ ಸೋತರೆ ಸಾಲ ತೀರಿತು, ಗೆರೆ ಅಳಿಸಿಹೋಗುತ್ತವೆ. ಕವಚ ಮತ್ತೆ ಹೊಸದು. ಮತ್ತೆ ತೊಡುತ್ತಾನಾ? ನಾನು ನೋಡಿದ ಮಟ್ಟಿಗೆ, ತೊಡದೇ ಬಿಡುವ ಆಟಗಾರ ಅಪರೂಪ.

ರಿಮೂವ್ ಕರ್ಸ್ ಇದರ ಮೇಲೂ ನಡೆಯಲಿ. ನಂಟು ಕಡಿಯುತ್ತದೆ, ಕವಚ ಬಿಚ್ಚಬಹುದು, ಹೊಸ ಸಾಲ ಹುಟ್ಟುವುದಿಲ್ಲ. ಆದರೆ ಆಗಲೇ ಮಾಡಿದ ಸಾಲ ಕವಚದ ಮೇಲಲ್ಲ, ಮನುಷ್ಯನ ಮೇಲಿದೆ. ವಸೂಲಿಗಾರ ಕೊನೆಯ ಬಾರಿ ಬಂದು ಹೋಗುತ್ತಾನೆ. ಬೇಕಾದರೆ ಇನ್ನೊಬ್ಬರು ತಿಳಿದೂ ತಿಳಿದೂ ಆ ಸಾಲ ಹೊರಬಹುದು. ಕವಚಕ್ಕೆ ತಾವು ಅಟ್ಯೂನ್ ಆದರೆ ಗೆರೆಗಳೆಲ್ಲ ಅವರ ಹೆಸರಿಗೆ. ಇದನ್ನು ಆಟಗಾರರಿಗೆ ಮೊದಲೇ ಹೇಳಿಬಿಡಿ.

ಮಾಡಬಾರದ್ದು ಒಂದಿದೆ. ಕ್ಯಾರೆಕ್ಟರ್‌ನ ಲಗಾಮನ್ನು ಆಟಗಾರನ ಕೈಯಿಂದ ಕಿತ್ತುಕೊಳ್ಳುವ ಶಾಪಗಳನ್ನು ಕೇಳದೆ ತರಬೇಡಿ. ಪುಸ್ತಕದ ಬರ್ಸರ್ಕರ್ ಆ್ಯಕ್ಸ್ ಹಾಗಿದೆ: ಆ ಕೊಡಲಿ ಹಿಡಿದವನು ಪೆಟ್ಟು ತಿಂದಾಗ ಸೇವ್ ತಪ್ಪಿದರೆ ಸಿಕ್ಕಿದವರ ಮೇಲೆ ಬೀಳುತ್ತಾನೆ. ಗೆಳೆಯರಲ್ಲೇ ಕೊಡಲಿ ಏಟು ಬಿದ್ದರೆ ಜಗಳ ಮೇಜಿನ ಈಚೆಗೂ ಬರುತ್ತದೆ. ಇನ್ನು ಹೀಟ್ ಮೆಟಲ್ ಸ್ಪೆಲ್. ಲೋಹ ಕಾಯಿಸಿ ಪ್ರತಿ ಸುತ್ತಿನಲ್ಲಿ 2ಡಿ8 ಬೆಂಕಿ ಪೆಟ್ಟು, ಆ ಪೆಟ್ಟಿಗೆ ಸೇವ್ ಇಲ್ಲ, ಒಂದು ನಿಮಿಷದವರೆಗೂ ಎಳೆಯಬಹುದು. ಪ್ಲೇಟ್ ಕವಚ ಬಿಚ್ಚಲು ಮಾಮೂಲಿಯಾಗಿಯೇ ಐದು ನಿಮಿಷ ಬೇಕು, ಡೀಮನ್ ಆರ್ಮರ್ ಆದರೆ ಬಿಚ್ಚುವ ಮಾತೇ ಇಲ್ಲ. ಶತ್ರು ಡ್ರೂಯಿಡ್ (ಪ್ರಕೃತಿಯ ಮಂತ್ರವಾದಿ) ಕೈಯಲ್ಲಿ ಇದು ಕೊಲೆಗೆ ಸಮ. ತರುವುದಾದರೆ ಆ ಡ್ರೂಯಿಡ್ ಬಾಣ ತಾಗುವ ದೂರದಲ್ಲೇ ನಿಂತಿರಲಿ, ಅವನ ಕಾನ್‌ಸೆಂಟ್ರೇಷನ್ (ಸ್ಪೆಲ್ ಮುಂದುವರಿಸಲು ಬೇಕಾದ ಏಕಾಗ್ರತೆ) ಮುರಿಯುವ ದಾರಿ ಪಾರ್ಟಿಗೆ ಇರಲಿ.

ಕರ್ಣನ ಕವಚ. ಖಂಡಿತ ತರಬಹುದು, ಆದರೆ ಅದನ್ನು ಶಾಪದ ಕವಚ ಮಾಡಬೇಡಿ. ಕರ್ಣನಿಗಿದ್ದ ಶಾಪಗಳು ಬೇರೆ, ಪರಶುರಾಮರದ್ದು ಮತ್ತು ಹಸು ಕಳೆದುಕೊಂಡ ಬ್ರಾಹ್ಮಣನದ್ದು. ಕವಚ ಹುಟ್ಟಿನಿಂದ ಬಂದ ವರ. ಆಟಕ್ಕೆ ಬೇಕಾದ ಭಾಗ ಅದನ್ನು ಕೊಟ್ಟ ರೀತಿಯಲ್ಲಿದೆ. ಇಂದ್ರ ವೇಷ ಹಾಕಿ ಬರುತ್ತಾನೆ ಅಂತ ಸೂರ್ಯ ಕನಸಿನಲ್ಲಿ ಬಂದು ಮೊದಲೇ ಎಚ್ಚರಿಸಿದ್ದ. ಕರ್ಣ ಗೊತ್ತಿದ್ದೇ ಕೊಯ್ದು ಕೊಟ್ಟ, ಬದಲಿಗೆ ಒಂದೇ ಸಲ ಬಳಸಬಹುದಾದ ಶಕ್ತಿ ಆಯುಧ ಪಡೆದ. ಅರ್ಜುನನಿಗೆ ಅಂತ ಇಟ್ಟುಕೊಂಡಿದ್ದು ಘಟೋತ್ಕಚನ ಮೇಲೆ ಖರ್ಚಾಯಿತು. ನಿಮ್ಮ ಆಟಗಾರನಿಗೂ ಹಾಗೇ ಮಾಡಿ: ಒಳ್ಳೆಯ ಕವಚ ಕೊಡಿ, ಬಹಳ ದಿನ ಅನುಭವಿಸಲಿ, ಆಮೇಲೆ ಬೇಡುವವನನ್ನು ಕಳಿಸಿ. ಬರುವವನು ಯಾರು ಅಂತಲೂ ಮೊದಲೇ ತಿಳಿಸಿ.

ಮಾನ್‌ಸ್ಟರ್ ಕಟ್ಟಲು ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ದ್ರೋಣಪರ್ವದ ಇನ್ನೊಂದು ಕವಚ. ಜಯದ್ರಥನನ್ನು ಹುಡುಕಿ ಅರ್ಜುನ ನುಗ್ಗುತ್ತಿದ್ದಾಗ ದ್ರೋಣ ಮಂತ್ರ ಹೇಳಿ ದುರ್ಯೋಧನನಿಗೆ ಭೇದಿಸಲಾಗದ ಕವಚ ಕಟ್ಟಿ ಕಳಿಸುತ್ತಾನೆ. ಅರ್ಜುನನ ಬಾಣಗಳೆಲ್ಲ ತಾಗಿ ಉದುರುತ್ತವೆ. ಕೃಷ್ಣನಿಗೇ ಆಶ್ಚರ್ಯ. ಅರ್ಜುನ ಅದು ಯಾರು ಕಟ್ಟಿದ ಕವಚ ಅಂತ ಗುರುತು ಹಿಡಿಯುತ್ತಾನೆ. ಆಮೇಲೆ ಕುದುರೆ, ಸಾರಥಿ, ಬಿಲ್ಲು, ರಥ ಎಲ್ಲ ತೆಗೆದು ಕೊನೆಗೆ ಅಂಗೈಗೆ ಬಾಣ ಹೊಡೆಯುತ್ತಾನೆ. ದುರ್ಯೋಧನ ಅಲ್ಲಿ ನಿಲ್ಲಲಾಗದೆ ಹೋಗುತ್ತಾನೆ. ನಿಮ್ಮ ಬುದ್ಧಿವಂತ ಮಾನ್‌ಸ್ಟರ್‌ಗಳು ಎಸಿ 20ರ ಫೈಟರ್ ಮೇಲೆ ಡೈಸ್ ಉರುಳಿಸಿ ಉರುಳಿಸಿ ಸೋಲುವ ಬದಲು ಹೀಗೆ ಆಡಲಿ. ಕುದುರೆ ಬೀಳಿಸಲಿ. ಹಿಡಿದು ತಳ್ಳಲಿ, ಅದಕ್ಕೆ ಎಸಿ ಲೆಕ್ಕಕ್ಕೇ ಬರುವುದಿಲ್ಲ. ಮನಸ್ಸಿನ ಮೇಲೆ ಸ್ಪೆಲ್ ಹಾಕಿ ವಿಸ್ಡಮ್ ಸೇವ್ ಕೇಳಲಿ.

ಹಂಚಿಕೊಳ್ಳುವ ವಿಷಯ ಚಿಕ್ಕದು. 2023ರ ಜನವರಿಯಲ್ಲಿ ಈ ಆಟ ಹೊರತರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ತನ್ನ ಎಸ್‌ಆರ್‌ಡಿ 5.1 ಅನ್ನುವ ನಿಯಮಗಳ ಕಡತವನ್ನು ಕ್ರಿಯೇಟಿವ್ ಕಾಮನ್ಸ್ ಅಟ್ರಿಬ್ಯೂಷನ್ 4.0 ಪರವಾನಗಿಯಲ್ಲಿ ಬಿಟ್ಟಿದೆ. ಅದರಲ್ಲಿರುವುದನ್ನು ಕನ್ನಡಕ್ಕೆ ತರಬಹುದು, ಬದಲಾಯಿಸಬಹುದು, ಮಾರಲೂಬಹುದು. ಆರ್ಮರ್ ಆಫ್ ವಲ್ನರಬಿಲಿಟಿ, ಡೀಮನ್ ಆರ್ಮರ್, ಅನಿಮೇಟೆಡ್ ಆರ್ಮರ್, ರಸ್ಟ್ ಮಾನ್‌ಸ್ಟರ್ ನಾಲ್ಕೂ ಅದರಲ್ಲಿವೆ. ಬಿಹೋಲ್ಡರ್, ಮೈಂಡ್ ಫ್ಲೇಯರ್ ಅನ್ನುವ ಮಾನ್‌ಸ್ಟರ್‌ಗಳ ಅಂಕಿಗಳು ಅಲ್ಲಿಲ್ಲ, ಅವನ್ನು ಮುಟ್ಟಬೇಡಿ. ಕಡತದ ಮೊದಲ ಪುಟದಲ್ಲಿ ಕೃಪೆ ಹೇಳುವ ಒಂದು ವಾಕ್ಯ ಇದೆ, ಅದನ್ನು ನಿಮ್ಮ ಪುಟದಲ್ಲಿ ಹಾಗೇ ಹಾಕಿ. ನನ್ನ ಸಾಲದ ಕವಚಕ್ಕೆ ಯಾರ ಕೃಪೆಯೂ ಬೇಕಿಲ್ಲ, ವಸೂಲಿಗಾರನ ಸಮೇತ ತೆಗೆದುಕೊಂಡು ಹೋಗಿ.